ದೆವ್ವವಲ್ಲ, ಅರ್ಜಿದಾರಳು

ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲೂ ಸುತ್ತಲಿನ ಊರುಗಳಲ್ಲೂ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂಬ ಬರಹ ಕಾಣಿಸಿಕೊಂಡಿತು. ರಾತ್ರಿ ಒಬ್ಬ ಹೆಂಗಸು ಬರುತ್ತಾಳೆ, ಮನೆಯವರದೇ ದನಿಯಲ್ಲಿ ಕೂಗುತ್ತಾಳೆ, ಬಾಗಿಲು ತೆರೆದರೆ ಜೀವ ಹೋಗುತ್ತದೆ. ಬರಹ ಕಂಡರೆ ಹಿಂದಿರುಗಿ ಮರುರಾತ್ರಿ ಮತ್ತೆ ಬರುತ್ತಾಳೆ ಎಂಬುದು ಕಥೆ. ಆಕೆ ಯಾರು? ಗಂಡನನ್ನು ಹುಡುಕಿ ಅಲೆಯುವ ಮದುವಣಗಿತ್ತಿಯ ಪ್ರೇತ ಎಂಬುದು ರೂಢಿಯ ಉತ್ತರ. 2018ರ ಹಿಂದಿ ಸಿನಿಮಾ ‘ಸ್ತ್ರೀ’ ಆಕೆಯನ್ನು ಮಧ್ಯಪ್ರದೇಶದ ಚಂದೇರಿಗೇ ಕರೆದೊಯ್ದಿತು. ವಿಚಾರವಂತರದು ‘ಸಮೂಹ ಸನ್ನಿ’ ಎಂಬ ಒಂದೇ ಷರಾ.

ನನಗೆ ಎರಡೂ ಒಪ್ಪಿಗೆಯಿಲ್ಲ. ನಾವು ನಿಜಕ್ಕೂ ಹೆದರುವವರನ್ನು ಹೀಗೆ ಸಾಗಹಾಕುವುದಿಲ್ಲ. ಸಿಡುಬಿಗೆ ‘ಅಮ್ಮ’ ಎಂದೆವು, ಹಾವಿಗೆ ‘ನಾಗಪ್ಪ’ ಎಂದೆವು. ಈಕೆಗೆ ಮಾತ್ರ ‘ತಾಯೀ’ ಎಂಬ ಸೊಲ್ಲೂ ಇಲ್ಲ, ಬರೀ ‘ಬಾ’. ಇದು ಭಯದ ಭಾಷೆಯಲ್ಲ. ಕುರ್ಚಿಯಲ್ಲಿ ಕೂತವರು ಎದುರು ನಿಂತವರಿಗೆ ಆಡುವ ಭಾಷೆ.

ಇನ್ನು ಆಕೆಯ ನಡತೆ. 1991ರ ಜನಗಣತಿಯ ಪ್ರಕಾರ ರಾಜ್ಯದ ಹೆಂಗಸರಲ್ಲಿ ಅಕ್ಷರ ಬಲ್ಲವರು ಶೇ. 44ರಷ್ಟು. ಈಕೆ ಆ ಪೈಕಿಯವಳು. ಓದಿದವಳೆಂದು ಸಿನಿಮಾವೂ ತಮಾಷೆ ಮಾಡಿತು. ಆದರೆ ಓದಿದ್ದನ್ನು ನಂಬುತ್ತಾಳಲ್ಲ, ಗಮನಿಸಬೇಕಾದ್ದು ಅದು. ‘ನಿನ್ನೆಯೂ ಇದನ್ನೇ ಬರೆದಿದ್ದಿರಿ’ ಎಂದು ಜಗಳ ತೆಗೆಯುವುದಿಲ್ಲ. ಹಿತ್ತಲ ಬಾಗಿಲಿಗೆ ಹೋಗುವುದಿಲ್ಲ, ಗುರುತಿನವರ ಶಿಫಾರಸು ತರುವುದಿಲ್ಲ. ಯಾವ ಪ್ರೇತಕ್ಕೆ ಇಷ್ಟು ಸಂಯಮವಿದೆ?

ಇಂಥ ತಾಳ್ಮೆ ನಮ್ಮಲ್ಲಿ ಒಬ್ಬಳಿಗೇ ಉಂಟು: ಪಹಣಿಗೋ ವಿಧವಾ ವೇತನಕ್ಕೋ ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಅಲೆದು ಚಪ್ಪಲಿ ಸವೆಸುವವಳಿಗೆ. ಗಂಡನನ್ನು ಹುಡುಕುತ್ತಿದ್ದಳೆಂಬ ಮಾತಿನಲ್ಲಿ ಅರ್ಧ ನಿಜವಿದೆ. ಆಕೆ ಹುಡುಕುತ್ತಿದ್ದದ್ದು ಗಂಡನ ಮರಣ ಪ್ರಮಾಣಪತ್ರವನ್ನು.

ಬಾಗಿಲು ತೆರೆದರೆ ಸಾವು ಎಂಬ ಮಾತಿಗೆ ಏನು ಹೇಳುತ್ತೀರಿ ಎಂದು ಕೇಳಬಹುದು. ತೆರೆದರೆ ಕೆಲಸ ಮಾಡಿಕೊಡಬೇಕಾಗುತ್ತದೆ. ಕೆಲವರಿಗೆ ಅದೂ ಪ್ರಾಣಸಂಕಟವೇ.

ಸರ್ಕಾರಕ್ಕೂ ಆಕೆಯ ಗುರುತು ಸಿಕ್ಕಿರಬೇಕು. ಗೊತ್ತುಪಡಿಸಿದ ದಿನದೊಳಗೆ ಸೇವೆ ಕೊಡಬೇಕೆಂದು 2011ರಲ್ಲಿ ಕಾಯ್ದೆ ಮಾಡಿ, ಅದನ್ನು ‘ಸಕಾಲ’ ಎಂದು ಕರೆದು, ಇಂದು ನಾಳೆ ಎನ್ನುವುದು ಇನ್ನಿಲ್ಲವೆಂದು ಸಾರಿತು. ಮಂತ್ರವಾದಿಗಳಿಂದ ಆಗದ್ದು ಕಾಯ್ದೆಯಿಂದ ಎಷ್ಟು ಆಯಿತೆಂಬುದನ್ನು ಆಕೆಯನ್ನೇ ಕೇಳಬೇಕು. ಮನೆ ಬಾಗಿಲುಗಳ ಬರಹವೇನೋ ಮಾಸಿತು. ಕೌಂಟರುಗಳಲ್ಲಿ ಅದನ್ನು ಬರೆದಿಡುವ ಅಗತ್ಯವೇ ಬಿದ್ದಿರಲಿಲ್ಲ; ಅಲ್ಲಿ ಅದು ಬಾಯಿಪಾಠ.