ಲೋಹದೀಪ್ತಿಯ ಸಾಕ್ಷ್ಯ: ಒಂದು ವಿಮರ್ಶೆ

ರಕ್ತದಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಹಾರ್ಮೋನು, ಪ್ರೋಟೀನು ಮೊದಲಾದುವನ್ನು ಅಳೆಯುವುದಕ್ಕಾಗಿ, ಬೆಳಕು ಸೂಸುವ ಲೋಹಸಂಯುಕ್ತಗಳನ್ನು ಪ್ರತಿಕಾಯಗಳಿಗೆ ಗುರುತಾಗಿ ಅಂಟಿಸುವ ವಿಧಾನವು ಈಗ ಪ್ರಯೋಗಶಾಲೆಗಳಲ್ಲಿ ನೆಲೆಯೂರಿದೆ. ಅದರ ಸೂಕ್ಷ್ಮತೆಗೆ ಸಲ್ಲುತ್ತಿರುವ ಪ್ರಶಂಸೆ ಯೋಗ್ಯವಾದುದೇ. ಆದರೆ ಸೂಕ್ಷ್ಮತೆಯನ್ನೇ ಸತ್ಯತೆಯೆಂದು ಭಾವಿಸುವ ಪ್ರವೃತ್ತಿಯನ್ನು ನಾವು ಒಪ್ಪಲಾರೆವು.

ಈ ವಿಧಾನಕ್ಕೆ ಮೊದಲು ಇದ್ದುದು ವಿಕಿರಣಶೀಲ ಗುರುತು. ಯಾಲೊ ಮತ್ತು ಬರ್ಸನ್ ಇವರು 1960ರಲ್ಲಿ ವಿವರವಾಗಿ ಪ್ರಕಟಿಸಿದ ಇನ್ಸುಲಿನ್ ಮಾಪನದಲ್ಲಿ ಬಳಕೆಯಾದ ಅಯೋಡಿನ್-131 ಎಂಟು ದಿನಗಳಲ್ಲಿ ಅರ್ಧಕ್ಕೆ ಇಳಿಯತಕ್ಕದ್ದು. ಇಂಥ ಕ್ಷಯಶೀಲ ಗುರುತಿನ ಸ್ಥಾನಕ್ಕೆ ಯುರೋಪಿಯಮ್ ಬಂದುದು ಉಚಿತವಾಯಿತು. ಯುರೋಪಿಯಮ್ ಅಯಾನು ಸ್ವತಃ ಬೆಳಕನ್ನು ಹೀರುವುದರಲ್ಲಿ ದುರ್ಬಲ. ಅದನ್ನು ಸುತ್ತುವರಿದ ಸಾವಯವ ಅಣುವು ಬೆಳಕನ್ನು ಹೀರಿ ಆ ಶಕ್ತಿಯನ್ನು ಅಯಾನಿಗೆ ಒಪ್ಪಿಸುತ್ತದೆಂಬುದನ್ನು ವೈಸ್‌ಮನ್ 1942ರಲ್ಲಿಯೇ ತೋರಿಸಿದ್ದನು. ಹೊಮ್ಮುವ ಕೆಂಪು ಬೆಳಕು ಸುಮಾರು 615 ನ್ಯಾನೊಮೀಟರಿನದು. ಸೀರಮ್ಮಿನ ಸ್ವಂತ ಪ್ರತಿದೀಪ್ತಿ ನ್ಯಾನೊಸೆಕೆಂಡುಗಳಲ್ಲಿ ಆರಿಹೋದರೆ, ಯುರೋಪಿಯಮ್ಮಿನದು ನೂರಾರು ಮೈಕ್ರೊಸೆಕೆಂಡು ನಿಲ್ಲುತ್ತದೆ. ಆದ್ದರಿಂದ ಬೆಳಕನ್ನು ಹಾಯಿಸಿ, ಸುಮಾರು 400 ಮೈಕ್ರೊಸೆಕೆಂಡು ತಾಳಿ, ಅನಂತರ ಎಣಿಸಿದರೆ ಸಾಕು. ಮಿಂಚಿನ ಕೋರೈಸುವಿಕೆ ಅಡಗಿದ ಮೇಲೆ ಹಣತೆಯನ್ನು ಅರಸಿದಂತೆ! ಇಷ್ಟು ಸರಳವಾದ ಉಪಾಯ ವಿರಳವೆಂದೇ ನಮ್ಮ ಭಾವನೆ.

ರುಥೇನಿಯಮ್ಮಿಗೆ ದೀಪವೂ ಬೇಡ. ಮೂರು ಬೈಪಿರಿಡೀನ್ ಅಣುಗಳಿಂದ ಆವೃತವಾದ ಈ ಲೋಹವೂ ಟ್ರೈಪ್ರೊಪೈಲಮೀನೂ ವಿದ್ಯುದ್ವಾರದಲ್ಲಿ ಉತ್ಕರ್ಷಿಸಲ್ಪಟ್ಟು ಪರಸ್ಪರ ವರ್ತಿಸಿದಾಗ ಬೆಳಕು ಹುಟ್ಟುತ್ತದೆ. ಲೋಹಸಂಯುಕ್ತವು ಮೊದಲಿನ ಸ್ಥಿತಿಗೆ ಮರಳಿ ಮತ್ತೆ ಮತ್ತೆ ಬೆಳಗುತ್ತದೆ.

ನಮ್ಮ ಆಕ್ಷೇಪಣೆ ಇಲ್ಲಿಂದ ಮುಂದಕ್ಕೆ. ಬೆಳಕು ಸಾರುವುದು ರುಥೇನಿಯಮ್ ಇದೆಯೆಂಬುದನ್ನು ಮಾತ್ರ. ನಾವು ಅರಸುವ ವಸ್ತು ಇದೆಯೆಂಬುದನ್ನಲ್ಲ. ಎರಡರ ನಡುವೆ ಒಂದು ಸರಪಣಿಯುಂಟು. ಸಾಮಾನ್ಯ ರಚನೆಯಲ್ಲಿ ವಸ್ತುವನ್ನು ಎರಡು ಪ್ರತಿಕಾಯಗಳು ಹಿಡಿಯುತ್ತವೆ: ಒಂದರ ಮೇಲೆ ರುಥೇನಿಯಮ್, ಇನ್ನೊಂದರ ಮೇಲೆ ಬಯೋಟಿನ್ ಎಂಬ ಜೀವಸತ್ವ. ಬಯೋಟಿನ್ ಹೋಗಿ ಸ್ಟ್ರೆಪ್ಟಾವಿಡಿನ್ ಲೇಪಿಸಿದ ಕಾಂತಕಣಕ್ಕೆ ಅಂಟಿಕೊಳ್ಳುತ್ತದೆ. ಕೂದಲಿನ ಪೋಷಣೆಗೆಂದು ಮಿಲಿಗ್ರಾಂಗಟ್ಟಲೆ ಬಯೋಟಿನ್ ಸೇವಿಸಿದವನ ರಕ್ತ ಬಂದರೆ, ಆ ಬಿಡಿ ಬಯೋಟಿನ್ನೇ ಕಣಗಳನ್ನು ಆಕ್ರಮಿಸುತ್ತದೆ. ಗುರುತು ತೊಳೆದುಹೋಗಿ ಬೆಳಕು ಕುಗ್ಗುತ್ತದೆ. ಸ್ಪರ್ಧಾತ್ಮಕ ಮಾಪನಗಳಲ್ಲಿಯಾದರೋ ಕುಗ್ಗಿದ ಬೆಳಕಿಗೆ ಹೆಚ್ಚು ವಸ್ತುವೆಂದೇ ಅರ್ಥ. ಹೀಗೆ ಆರೋಗ್ಯವಂತನಿಗೂ ಥೈರಾಯ್ಡ್ ಗ್ರಂಥಿಯ ಗ್ರೇವ್ಸ್ ರೋಗವಿದೆಯೆಂಬ ತೀರ್ಪು ಹೊರಬೀಳಬಹುದು. ಹೃದಯಾಘಾತವನ್ನು ಸೂಚಿಸುವ ಟ್ರೋಪೊನಿನ್ ಇಂಥ ಅಡಚಣೆಯಿಂದ ಕಡಿಮೆಯೆಂದು ತೋರಿ, ರೋಗಿಯೊಬ್ಬನು ಮೃತಪಟ್ಟ ವರದಿಯನ್ನು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2017ರ ನವೆಂಬರಿನ ಎಚ್ಚರಿಕೆಯಲ್ಲಿ ಉಲ್ಲೇಖಿಸಿತು. ಆ ಬಳಿಕ ತಯಾರಕರು ಹಲವು ಪರೀಕ್ಷೆಗಳನ್ನು ತಿದ್ದಿರುವುದು ನಿಜ. ಯುರೋಪಿಯಮ್ ವಿಧಾನವೂ ಬಯೋಟಿನ್ನನ್ನು ಆಶ್ರಯಿಸಿದಲ್ಲಿ ಇದೇ ದೋಷಕ್ಕೆ ಒಳಗು.

ಇದು ಲೋಹದ ತಪ್ಪಲ್ಲವೆಂದು ಕೆಲವರು ವಾದಿಸಬಹುದು. ಆದರೆ ರುಥೇನಿಯಮ್ ಸಂಯುಕ್ತಕ್ಕೇ ವಿರೋಧವಾದ ಪ್ರತಿಕಾಯಗಳು ಕೆಲವರ ರಕ್ತದಲ್ಲಿ ಕಂಡುಬಂದು ಥೈರಾಯ್ಡ್ ಮಾಪನಗಳನ್ನು ಕೆಡಿಸಿರುವುದುಂಟು. ಅಲ್ಲಿ ಸಾಕ್ಷಿಯೇ ಕಕ್ಷಿಯಾದಂತಾಯಿತು.

ಕಾಲೇಜಿನ ಪ್ರಯೋಗಪಾಠದಲ್ಲಿ ದೀಪ್ತಿಯ ವಕ್ರರೇಖೆಯನ್ನು ಎಳೆಯಿಸಿ ಬಿಡುವುದು ಸಾಲದು. ಒಂದೇ ಮಾದರಿಯನ್ನು ಇಬ್ಭಾಗಿಸಿ, ಒಂದಕ್ಕೆ ಬಯೋಟಿನ್ ಬೆರೆಸಿ, ಎರಡನ್ನೂ ವಿದ್ಯಾರ್ಥಿಯಿಂದ ಅಳೆಯಿಸಬೇಕು. ಅನಂತರ ಸಂಶಯದ ಮಾದರಿಯನ್ನು ಕ್ರಮವಾಗಿ ತೆಳುಗೊಳಿಸಿ, ಉತ್ತರವೂ ಅದೇ ಪ್ರಮಾಣದಲ್ಲಿ ಇಳಿಯುವುದೇ ಎಂಬುದನ್ನು ಅವನೇ ನೋಡಲಿ.