ಒಗ್ಗರಣೆ ಉಣ್ಣುವವರ ಪಾಲಿಗೆ

ಹೊಸದಾಗಿ ಸಂಸಾರ ಹೂಡಿದವರಿಗೆಂದು ಬರೆದ ಅಡುಗೆ ಪುಸ್ತಕಗಳು ಗಂಡ ಹೆಂಡತಿ ಇಬ್ಬರಿಗೂ ಒಂದೇ ಹೊತ್ತಿಗೆ ಹಸಿವಾಗುತ್ತದೆ ಎಂದು ನಂಬಿಕೊಂಡಿವೆ. ಬೆಂಗಳೂರಿನ ಒಂದು ಕೋಣೆಯ ಬಾಡಿಗೆ ಮನೆಗಳಲ್ಲಿ ಈ ನಂಬಿಕೆಗೆ ಜಾಗವಿಲ್ಲ. ಆಕೆ ಆಸ್ಪತ್ರೆಯಲ್ಲಿ ನರ್ಸು, ರಾತ್ರಿ ಎಂಟಕ್ಕೆ ಹೊಕ್ಕರೆ ಬೆಳಿಗ್ಗೆ ಎಂಟಕ್ಕೆ ಬಿಡುವ ಪಾಳಿ. ಆತ ಬ್ಯಾಂಕಿನವನು, ಹತ್ತಕ್ಕೆ ಮೊದಲೇ ಕೌಂಟರಿನಲ್ಲಿ ಕೂತಿರಬೇಕು. ಇಲ್ಲವೇ ಆತ ಅಮೆರಿಕದ ಗಡಿಯಾರ ನೋಡಿಕೊಂಡು ದುಡಿಯುವವನು, ಆಕೆ ಶಾಲೆ ಮುಗಿಸಿ ಐದಕ್ಕೆ ಬಂದಾಗ ಅವನು ಕ್ಯಾಬಿಗೆ ಕಾಯುತ್ತಿರುತ್ತಾನೆ. ಇಂಥವರಿಗೆ ಸಿಗುವ ಸಲಹೆ ಎರಡೇ ಬಗೆಯದು. ಹದಿನೈದು ನಿಮಿಷದಲ್ಲಿ ಆಗುವ ಅಡುಗೆ ಕಲಿಯಿರಿ ಎನ್ನುವುದು ಒಂದು. ಭಾನುವಾರ ಕೂತು ವಾರಕ್ಕಾಗುವಷ್ಟು ಮಾಡಿ ಫ್ರಿಜ್ಜಿಗೆ ತುಂಬಿಡಿ ಎನ್ನುವುದು ಇನ್ನೊಂದು. ನನಗೆ ಎರಡೂ ಒಪ್ಪಿಗೆಯಿಲ್ಲ. ಇಬ್ಬರ ಹೊತ್ತು ಬೇರೆಯಾದ ಮನೆಯಲ್ಲಿ ಹಂಚಿಕೊಳ್ಳಬೇಕಾದದ್ದು ಮುಗಿದ ಅಡುಗೆಯನ್ನಲ್ಲ, ಅರ್ಧ ಅಡುಗೆಯನ್ನು. ಉಳಿದರ್ಧವನ್ನು, ಮುಖ್ಯವಾಗಿ ಒಗ್ಗರಣೆಯನ್ನು, ಉಣ್ಣುವವರೇ ಉಣ್ಣುವ ಹೊತ್ತಿಗೆ ಮಾಡಿಕೊಳ್ಳಬೇಕು. ಕನ್ನಡ ನಾಡಿನ ಅಡುಗೆಯ ಬಹುಪಾಲು ಇದಕ್ಕೆ ಒಗ್ಗುವಂತೆಯೇ ಬೆಳೆದು ಬಂದಿದೆ ಎಂಬುದು ನನ್ನ ವಾದ.

ಮೊದಲು ಭಾನುವಾರದ ಪಂಥದವರನ್ನು ವಿಚಾರಿಸೋಣ. ಅವರ ತಪ್ಪು ಶ್ರಮದ ಲೆಕ್ಕದಲ್ಲಿಲ್ಲ, ಆಯ್ಕೆಯಲ್ಲಿದೆ. ತೆಂಗಿನಕಾಯಿ ರುಬ್ಬಿ ಹಾಕಿದ ಹುಳಿ ಮೂರನೇ ದಿನಕ್ಕೆ ಏನಾಗಿರುತ್ತದೆಂದು ತಿಂದವರಿಗೆಲ್ಲ ಗೊತ್ತು: ತರಕಾರಿ ಕರಗಿ ಬೇಳೆಯಲ್ಲಿ ಸೇರಿಹೋಗಿರುತ್ತದೆ, ಕಾಯಿಯ ಸಿಹಿ ಸತ್ತಿರುತ್ತದೆ, ಇಂಗಿನ ವಾಸನೆ ಎಲ್ಲಿಯೋ ಹೋಗಿರುತ್ತದೆ. ಕರಿಬೇವು, ಇಂಗು, ಸಾಸಿವೆಗಳ ಘಮ ಕಾದ ಎಣ್ಣೆಗೆ ಇಳಿದು, ಅಲ್ಲಿಂದ ಗಾಳಿಗೆ ಹಾರುವಂಥದ್ದು. ಪ್ರತಿ ಸಲ ಬಿಸಿ ಮಾಡಿದಾಗಲೂ ಅದರಲ್ಲಿ ಒಂದು ಪಾಲು ಕಳೆದುಹೋಗುತ್ತದೆ. ಅನ್ನದ ವಿಷಯವಂತೂ ರುಚಿಯನ್ನು ದಾಟಿ ಆರೋಗ್ಯಕ್ಕೆ ಬರುತ್ತದೆ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ಬೆಳಿಗ್ಗೆ ಏಳಕ್ಕೆ ಇಳಿಸಿದ ಕುಕ್ಕರನ್ನು ಏಪ್ರಿಲ್ ಸೆಖೆಯಲ್ಲಿ ರಾತ್ರಿ ಎಂಟರವರೆಗೆ ಕಟ್ಟೆಯ ಮೇಲೇ ಬಿಟ್ಟರೆ ಅವು ಮೊಳೆತು ವಿಷ ಬಿಡಬಲ್ಲವು. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಆದ್ದರಿಂದ ಮಿಕ್ಕ ಅನ್ನವನ್ನು ತಟ್ಟೆಗೆ ಹರಡಿ, ಆರಿದ ಕೂಡಲೇ, ಹೆಚ್ಚೆಂದರೆ 2 ಗಂಟೆಯೊಳಗೆ, ಫ್ರಿಜ್ಜಿಗೆ ಸೇರಿಸಬೇಕು. ಹಾಗೆ ಸೇರಿಸಿದ ಅನ್ನ ಮರುದಿನ ಸಾರಿಗೆ ಬರುವುದಿಲ್ಲ, ಚಿತ್ರಾನ್ನಕ್ಕೆ ಬರುತ್ತದೆ. ತಣ್ಣಗಾದ ಅನ್ನದ ಪಿಷ್ಟ ಬಿಗಿಯುವುದರಿಂದ ಅಗುಳು ಅಗುಳು ಬಿಡಿಯಾಗಿ ನಿಲ್ಲುತ್ತದೆ. ಬಿಸಿ ಅನ್ನದಲ್ಲಿ ಕಲಸಿದ ಚಿತ್ರಾನ್ನಕ್ಕೆ ಆ ಹದ ಬರುವುದು ಕಷ್ಟ.

ಹಾಗಾದರೆ ಏನನ್ನು ಕಾಪಿಡಬೇಕು? ಕಾಯಲು ಬರುವಂಥದ್ದನ್ನು. ಮೇಲುಕೋಟೆಯ ಪುಳಿಯೋಗರೆಗೆ ಹೆಸರು ಬಂದಿರುವುದು ರುಚಿಯಿಂದ, ಆದರೆ ಅದರ ಗೊಜ್ಜು ಪೊಟ್ಟಣದಲ್ಲಿ ಊರೂರಿಗೆ ಹೋಗುವುದು ಅದರ ರಸಾಯನದಿಂದ. ಹುಣಿಸೆಯ ಹುಳಿ, ಉಪ್ಪು, ಬೆಲ್ಲ, ಎಳ್ಳೆಣ್ಣೆ. ನೀರಿನಂಶ ಹೋಗಿ ಎಣ್ಣೆ ಬಿಡುವವರೆಗೆ ಕುದಿಸಿದ ಮೇಲೆ ಅದರಲ್ಲಿ ಕ್ರಿಮಿಗೆ ಬದುಕಲು ಬೇಕಾದದ್ದು ಏನೂ ಉಳಿದಿರುವುದಿಲ್ಲ. ಅದನ್ನು ಕೆಡಿಸಬಲ್ಲದ್ದು ಒದ್ದೆ ಚಮಚ ಒಂದೇ. ಹಳೇ ಮೈಸೂರಿನ ಮೆಂತ್ಯದ ಹಿಟ್ಟು ಇನ್ನೂ ಸುಲಭ: ಬೇಳೆ, ಧಾನ್ಯ, ಮೆಂತ್ಯ ಹುರಿದು ಬೀಸಿದ ಒಣ ಪುಡಿ. ಮೊಸರಿಗೆ ಕಲಸಿ ಒಗ್ಗರಣೆ ಕೊಟ್ಟರೆ ಗೊಜ್ಜು, ಬಿಸಿ ಅನ್ನಕ್ಕೆ ತುಪ್ಪದೊಡನೆ ಕಲಸಿದರೆ ಅದೇ ಒಂದು ಊಟ. ಉತ್ತರ ಕರ್ನಾಟಕದವರು ಇಡೀ ಊಟವನ್ನೇ ಈ ದಾರಿಗೆ ತಂದಿದ್ದಾರೆ. ಖಡಕ್ ಜೋಳದ ರೊಟ್ಟಿ ವಾರಗಟ್ಟಲೆ ಇರುತ್ತದೆ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಅಗಸಿ ಪುಡಿ ಡಬ್ಬಿಯಲ್ಲಿ ಕೂತಿರುತ್ತವೆ. ಮೇಲೆ ಮೊಸರು, ಹಸಿ ಉಳ್ಳಾಗಡ್ಡಿ, ಸೌತೆಕಾಯಿ. ರಾತ್ರಿ ಪಾಳಿ ಮುಗಿಸಿ ಬೆಳಗಿನ ಎಂಟೂವರೆಗೆ ಹಸಿದು ಬಂದವಳು ಒಲೆ ಹೊತ್ತಿಸದೆ ಹೊಟ್ಟೆ ತುಂಬ ಉಣ್ಣಬಹುದಾದ ಊಟ ಇದಕ್ಕಿಂತ ಬೇರೆ ನನಗೆ ಹೊಳೆಯುವುದಿಲ್ಲ. ಗೊಜ್ಜವಲಕ್ಕಿಯೂ ಇದೇ ಸಾಲಿನದು: ತರಿಯಾಗಿ ಪುಡಿ ಮಾಡಿಟ್ಟ ಅವಲಕ್ಕಿ, ಹುಣಿಸೆ ಬೆಲ್ಲದ ನೀರು, ಸಾರಿನ ಪುಡಿ. ನೆನೆಯುವಷ್ಟರಲ್ಲಿ ಸ್ನಾನ ಮುಗಿಸಿ ಬರಬಹುದು.

ಇವೆಲ್ಲ ಪುಡಿ ಗೊಜ್ಜುಗಳ ಮಾತಾಯಿತು, ದಿನವೂ ಉಣ್ಣುವ ಸಾರಿನ ಗತಿಯೇನು ಎಂದು ಕೇಳುವವರು ಮಂಡ್ಯ ಮೈಸೂರಿನ ಉಪ್ಪುಸಾರನ್ನು ಒಮ್ಮೆ ಗಮನವಿಟ್ಟು ನೋಡಬೇಕು. ಅವರೆಕಾಳನ್ನೋ ಅಲಸಂದೆಯನ್ನೋ ದಂಟಿನ ಸೊಪ್ಪಿನೊಡನೆ ಉಪ್ಪು ಹಾಕಿ ಬೇಯಿಸುತ್ತಾರೆ. ಕಟ್ಟು ಬಸಿದು ಬೇರೆ ಇಡುತ್ತಾರೆ. ಕಾಳು ಸೊಪ್ಪು ಒಗ್ಗರಣೆ ಕಂಡು ಪಲ್ಯವಾಗುತ್ತದೆ. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಿಸೆ ಸೇರಿಸಿ ರುಬ್ಬಿದ ಖಾರ ಮೂರನೆಯದು. ತಟ್ಟೆಗೆ ಬಂದ ಮೇಲೆ, ಬಿಸಿ ಕಟ್ಟಿನಲ್ಲಿ ತನಗೆ ಬೇಕಾದಷ್ಟು ಖಾರ ಕದಡಿಕೊಂಡಾಗಲೇ ಸಾರು ಸಾರಾಗುವುದು. ಅಂದರೆ ಅಡುಗೆಯ ಕೊನೆಯ ಹೆಜ್ಜೆಯನ್ನು ಉಣ್ಣುವವರ ಕೈಗೆ ಬಿಡುವುದು ನಗರದ ಉಪಾಯವೇನಲ್ಲ. ಹೊಲಕ್ಕೆ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಹೋಗಿ ಬರುವ ಮನೆಗಳಲ್ಲಿ ಬಹಳ ಹಿಂದಿನಿಂದ ನಡೆದುಬಂದದ್ದು. ಫ್ರಿಜ್ಜಿನಲ್ಲಿಟ್ಟ ಕಟ್ಟು ಮರುದಿನಕ್ಕೂ ಬರುತ್ತದೆ, ಖಾರ ಅದಕ್ಕಿಂತ ಹೆಚ್ಚು ದಿನ ಇರುತ್ತದೆ. ಇದೇ ತರ್ಕವನ್ನು ತೊಗರಿಬೇಳೆಗೂ ಹಚ್ಚಬಹುದು. ಎರಡು ದಿನಕ್ಕಾಗುವಷ್ಟು ಬೇಳೆಯನ್ನು ಸಾದಾ ಬೇಯಿಸಿಟ್ಟರೆ, ಒಬ್ಬರ ಪಾಲಿನ ಸಾರಿಗೆ ಟೊಮೆಟೊ, ಹುಣಿಸೆ, ಸಾರಿನ ಪುಡಿ ಹಾಕಿ ಕುದಿಸಲು ಹತ್ತು ನಿಮಿಷ ಸಾಕು, ಮತ್ತು ಆ ಸಾರು ಹೊಸ ಸಾರೇ. ಸಾರು ಮಾಡಿಟ್ಟು ಕಾಯಿಸುವುದಕ್ಕೂ ಬೇಳೆ ಇಟ್ಟುಕೊಂಡು ಸಾರು ಮಾಡುವುದಕ್ಕೂ ಸಮಯದಲ್ಲಿ ಐದು ನಿಮಿಷದ ವ್ಯತ್ಯಾಸ, ರುಚಿಯಲ್ಲಿ ಅಜಗಜಾಂತರ.

ಹೋಟೆಲುಗಳು ಈ ಗುಟ್ಟಿನಿಂದಲೇ ಬದುಕಿವೆ. ಹುಬ್ಬಳ್ಳಿ ಧಾರವಾಡದ ಗಿರ್ಮಿಟ್ ಅಂಗಡಿಯಲ್ಲಿ ಉಳ್ಳಾಗಡ್ಡಿ, ಹುಣಿಸೆ, ಬೆಲ್ಲದ ಗೊಜ್ಜು ಮೊದಲೇ ಆಗಿರುತ್ತದೆ. ಗಿರಾಕಿ ಬಂದು ನಿಂತ ಮೇಲಷ್ಟೇ ಮಂಡಕ್ಕಿ, ಪುಟಾಣಿ ಹಿಟ್ಟು ಬೀಳುವುದು. ಮೊದಲೇ ಕಲಸಿಟ್ಟರೆ ಮಂಡಕ್ಕಿ ಮೆತ್ತಗಾಗಿ ಯಾರೂ ಮೂಸುವುದಿಲ್ಲ. ದರ್ಶಿನಿಯ ದೋಸೆಯೂ ಹಿಟ್ಟು, ಪಲ್ಯ, ಚಟ್ನಿ ಎಂಬ ಮೂರು ಅರ್ಧ ಅಡುಗೆಗಳು ಕಾವಲಿಯ ಮೇಲೂ ತಟ್ಟೆಯಲ್ಲೂ ಸಂಧಿಸುವುದೇ. ಅಂದಹಾಗೆ ದೋಸೆ ಹಿಟ್ಟು ಫ್ರಿಜ್ಜಿನಲ್ಲೂ ನಿಧಾನವಾಗಿ ಹುಳಿಯಾಗುತ್ತಲೇ ಇರುವುದರಿಂದ ಅದಕ್ಕೊಂದು ಕ್ರಮವಿದೆ: ಹುದುಗಿದ ದಿನ ಇಡ್ಲಿ ಅಥವಾ ದಪ್ಪ ದೋಸೆ, ಮಾರನೆಯ ದಿನ ತೆಳುದೋಸೆ, ಆಮೇಲೆ ಈರುಳ್ಳಿ ಹಸಿಮೆಣಸು ಹಾಕಿ ಪಡ್ಡು. ಅಂಗಡಿಯಿಂದ ತಂದ ಹಿಟ್ಟಿಗೂ ಇದೇ ಕ್ರಮ. ತಂದದ್ದಕ್ಕೆ ನಾಚಿಕೆ ಪಡಬೇಕಾದ್ದೇನಿಲ್ಲ. ರವೆ ಇಡ್ಲಿಯೇ ಎರಡನೇ ಮಹಾಯುದ್ಧದ ಅಕ್ಕಿಯ ಅಭಾವದಲ್ಲಿ ಹುಟ್ಟಿದ್ದು ಎಂದು ಎಂ.ಟಿ.ಆರ್. ಹೇಳಿಕೊಳ್ಳುತ್ತದೆ, ರುಬ್ಬುವ, ಹುದುಗುವ ರಾತ್ರಿಯೊಂದನ್ನು ಅದು ಉಳಿಸಿಕೊಟ್ಟಿತು, ಮುಂದೆ ಅದರ ಮಿಕ್ಸ್ ಪೊಟ್ಟಣವಾಗಿ ಅಂಗಡಿಗೂ ಬಂತು. ನನ್ನ ತಕರಾರು ಪೊಟ್ಟಣದ ಮೇಲಲ್ಲ, ನೀರು ಕಾಯಿಸಿ ಹುಯ್ದರೆ ಉಪ್ಪಿಟ್ಟಾಗುವ ಕಪ್ಪುಗಳ ಮೇಲೆ. ಅಲ್ಲಿ ಒಗ್ಗರಣೆಯೂ ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ಮಾಡುವವರಿಗೆ ಉಳಿಯುವುದು ಕಾಯುವುದಷ್ಟೇ.

ಈಗ ಗಟ್ಟಿಯಾದ ಆಕ್ಷೇಪಕ್ಕೆ ಬರೋಣ. ಪುಡಿ ಹುರಿಯುವವರು ಯಾರು, ಗೊಜ್ಜು ಕುದಿಸುವವರು ಯಾರು, ಅರ್ಧ ಅಡುಗೆ ಎಂದರೆ ಹೆಂಡತಿಯ ಕೆಲಸವನ್ನು ಅಡುಗೆಯ ಹೊತ್ತಿನಿಂದ ರಜೆಯ ಹೊತ್ತಿಗೆ ಸರಿಸಿದಂತೆ ಅಷ್ಟೇ ತಾನೇ ಎಂದು ಕೇಳಬಹುದು. ಕೇಳಲೇಬೇಕು. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರ ಪೈಕಿ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ ಗಂಡಸರು ಕೊಟ್ಟದ್ದು 97. ಇದು ಕೆಲಸ ಮಾಡುವ ಗಂಡಸರ ಲೆಕ್ಕ. ಆ ಕೆಲಸಕ್ಕೆ ಕೈ ಹಾಕಿದ ಗಂಡಸರೇ ನೂರಕ್ಕೆ ಇಪ್ಪತ್ತಾರರಷ್ಟು. ಯಾವ ಮೆಂತ್ಯದ ಹಿಟ್ಟೂ ಈ ಅಂತರವನ್ನು ತಾನಾಗಿ ತುಂಬುವುದಿಲ್ಲ. ಆದರೆ ಅಡುಗೆಯ ಆಕಾರಕ್ಕೂ ಹಂಚಿಕೆಗೂ ನಂಟಿದೆ. ಪೂರ್ತಿ ಮಾಡಿ ಮುಚ್ಚಿಟ್ಟ ಅಡುಗೆಯಲ್ಲಿ ಮಾಡುವವರೊಬ್ಬರು, ಬಡಿಸಿಕೊಳ್ಳುವವರೊಬ್ಬರು. ಅರ್ಧ ಮಾಡಿಟ್ಟದ್ದರಲ್ಲಿ, ಕೊನೆಯ ಹತ್ತು ನಿಮಿಷ ಒಲೆಯ ಮುಂದೆ ನಿಲ್ಲದವರಿಗೆ ಊಟವೇ ಇಲ್ಲ. ಅಡುಗೆ ಬಾರದ ಗಂಡನಿಗೆ ಕಲಿಯಲು ಇದಕ್ಕಿಂತ ಒಳ್ಳೆಯ ಮೆಟ್ಟಿಲಿಲ್ಲ: ಒಗ್ಗರಣೆಯಲ್ಲಿ ಸಾಸಿವೆ ಪೂರ್ತಿ ಸಿಡಿಯುವ ಮೊದಲು ಬೇಳೆ ಹಾಕಬಾರದು, ಇಂಗು ಕೊನೆಗೆ, ಒಣಮೆಣಸು ಕಪ್ಪಾಗಬಾರದು ಎಂಬಷ್ಟನ್ನು ಕೈಗೂಡಿಸಿಕೊಂಡವನು ವರ್ಷದೊಳಗೆ ಪುಡಿಯನ್ನೂ ಹುರಿಯುತ್ತಾನೆ. ಅಲ್ಲಿಯವರೆಗೆ ಕಾಂಡಿಮೆಂಟ್ಸ್ ಅಂಗಡಿಗಳಿವೆ, ರೊಟ್ಟಿ ಮಾರುವ ಮಹಿಳೆಯರ ಗುಂಪುಗಳಿವೆ. ಊರಿಂದ ಅಮ್ಮನೋ ಅತ್ತೆಯೋ ಕಳಿಸುವ ಡಬ್ಬಿಗಳ ಬಗ್ಗೆ ಮಾತ್ರ ನನಗೆ ಸ್ವಲ್ಪ ಅಳುಕು. ರುಚಿಯಲ್ಲಿ ಅವಕ್ಕೆ ಸಾಟಿಯಿಲ್ಲ, ನಿಜ. ಆದರೆ ಆ 299 ನಿಮಿಷಗಳಲ್ಲಿ ಒಂದಷ್ಟನ್ನು ಅರವತ್ತು ದಾಟಿದ ಇನ್ನೊಬ್ಬ ಹೆಂಗಸಿನ ಲೆಕ್ಕಕ್ಕೆ ಬರೆದು ಕೈ ತೊಳೆದುಕೊಂಡಂತೆಯೂ ಆಗುತ್ತದೆ. ಊರಿಗೆ ಹೋದಾಗ ಮಗನೋ ಅಳಿಯನೋ ಕೂತು ಹುರಿದುಕೊಟ್ಟು ತಂದರೆ ತಕರಾರಿಲ್ಲ.

ಮದುವೆಯಾದ ಹೊಸತರಲ್ಲಿ ಒಟ್ಟಿಗೆ ಕೂತು ಉಣ್ಣದಿದ್ದರೆ ಅದೆಂಥ ಸಂಸಾರ ಎನ್ನುವುದು ಹಿರಿಯರ ಆಕ್ಷೇಪ. ಅದರಲ್ಲಿ ಹುರುಳಿದೆ. ಅರ್ಧ ಅಡುಗೆಯ ಮನೆಯಲ್ಲಿ ಒಟ್ಟಿಗಿರುವ ಗಂಟೆಗೆ ಬೆಲೆ ಹೆಚ್ಚಬೇಕು, ಕಡಿಮೆಯಾಗಬಾರದು. ವಾರದಲ್ಲಿ ಇಬ್ಬರ ಬಿಡುವು ಕೂಡುವ ಒಂದೆರಡು ಹೊತ್ತನ್ನು ಪುಳಿಯೋಗರೆ ಕಲಸಿ ಕಳೆಯಬಾರದು. ಕಾಯಲು ಒಲ್ಲದ ಅಡುಗೆಗಳಿಗೆ ಅದನ್ನು ಮೀಸಲಿಡಬೇಕು. ರಾಗಿಮುದ್ದೆ ಆರಿತೆಂದರೆ ಗಟ್ಟಿಯಾಯಿತು. ಹೆಂಚಿನಿಂದ ತೆಗೆದ ಅಕ್ಕಿರೊಟ್ಟಿಗೆ ಹತ್ತು ನಿಮಿಷದ ಆಯುಸ್ಸು. ಒಂದೆಲಗವನ್ನೋ ದೊಡ್ಡಪತ್ರೆಯನ್ನೋ ಜೀರಿಗೆ ಮೆಣಸಿನೊಡನೆ ತುಪ್ಪದಲ್ಲಿ ಬಾಡಿಸಿ, ಕಾಯಿಯೊಡನೆ ರುಬ್ಬಿ ಮಜ್ಜಿಗೆಗೆ ಬೆರೆಸುವ ಮಲೆನಾಡಿನ ತಂಬುಳಿಯನ್ನು ಕುದಿಸುವಂತಿಲ್ಲ, ಹಸಿ ಕಾಯಿ ಬಿದ್ದಿರುವುದರಿಂದ ಹೊರಗಿಡುವಂತೆಯೂ ಇಲ್ಲ. ಆ ಹೊತ್ತಿಗೆ ಮಾಡಿ ಆ ಹೊತ್ತಿಗೇ ಮುಗಿಸಬೇಕು. ಇವು ಇಬ್ಬರಿದ್ದಾಗ ಮಾಡುವ ಅಡುಗೆ. ಒಬ್ಬರು ಮುದ್ದೆ ತಿರುವುವಾಗ ಇನ್ನೊಬ್ಬರು ಪಾತ್ರೆ ಹಿಡಿಯದಿದ್ದರೆ ಅದು ಹದಕ್ಕೆ ಬರುವುದೂ ಕಷ್ಟ. ಮಾಂಸದ ಮನೆಗಳಲ್ಲಿ ಈ ವಿಂಗಡಣೆ ಇನ್ನಷ್ಟು ಸಲೀಸು: ಕಾಚಂಪುಳಿ ಬಿದ್ದ ಕೊಡಗಿನ ಪಂದಿಕರಿ ಮರುದಿನಕ್ಕೆ ಇನ್ನೂ ಚೆನ್ನಾಗಿರುತ್ತದೆ, ಅದು ಕಾಯುವ ಸಾಲಿಗೆ, ಹುರಿದ ಮೀನು ಕಾಯದ ಸಾಲಿಗೆ.

ಕೊನೆಗೊಂದು ಪ್ರಾಯೋಗಿಕ ತೊಡಕು ಉಳಿಯಿತು, ಅಡುಗೆ ಪುಸ್ತಕಗಳಲ್ಲಿ ಇದಕ್ಕೆ ಅಧ್ಯಾಯವಿಲ್ಲ. ಪಾಳಿ ಬೇರೆಯಾದ ಮನೆಯಲ್ಲಿ ಒಬ್ಬರು ಅಡುಗೆ ಮಾಡುವಾಗ ಇನ್ನೊಬ್ಬರು ನಿದ್ದೆಯಲ್ಲಿರುತ್ತಾರೆ, ಅದೂ ಹತ್ತಡಿ ದೂರದಲ್ಲಿ. ಬೆಳಿಗ್ಗೆ ಹತ್ತಕ್ಕೆ ಮಿಕ್ಸಿ ತಿರುಗಿಸಿದರೆ ರಾತ್ರಿ ದುಡಿದು ಬಂದವರ ಗತಿಯೇನು? ಕುಕ್ಕರಿನ ಸೀಟಿಯೂ ಅಷ್ಟೇ. ಮೆಣಸಿನಕಾಯಿ ಹುರಿದ ಘಾಟಂತೂ ಬಾಗಿಲ ಸಂದಿಯಲ್ಲೂ ನುಗ್ಗುತ್ತದೆ. ಸದ್ದಿನ, ಘಾಟಿನ ಕೆಲಸಗಳೆಲ್ಲ, ಅಂದರೆ ಹುರಿಯುವುದು, ರುಬ್ಬುವುದು, ಬೇಳೆ ಕೂಗಿಸುವುದು, ಇಬ್ಬರೂ ಎಚ್ಚರವಿರುವ ಹೊತ್ತಿಗೆ ಬೀಳುವಂತೆ ಮನೆಯ ವೇಳಾಪಟ್ಟಿ ಇರಲಿ. ಒಬ್ಬರೇ ಇದ್ದಾಗಿನ ಪಾಲಿಗೆ ಕುದಿಸುವುದು, ಕಲಸುವುದು, ಒಂದು ಸಣ್ಣ ಒಗ್ಗರಣೆ ಸೌಟಿನಲ್ಲಿ ಸಾಸಿವೆ ಸಿಡಿಸುವುದು ಉಳಿದರೆ ಸಾಕು. ಸೌಟಿನ ಮೇಲೆ ತಟ್ಟೆ ಮುಚ್ಚಿ, ಅಡುಗೆಮನೆಯ ಕಿಟಕಿ ತೆರೆದಿಟ್ಟರೆ ಅದರ ಸದ್ದೂ ಘಾಟೂ ಕಡಿಮೆಯಾಗುತ್ತವೆ. ಅನ್ನಕ್ಕೆ ಸೀಟಿ ಬೇಡವೆನ್ನುವವರು ತೆರೆದ ಪಾತ್ರೆಯಲ್ಲಿ ಗಂಜಿ ಬಸಿಯುವುದನ್ನು ಕಲಿಯಬಹುದು; ಒಬ್ಬರಿಗೆ ಬೇಕಾದ ಒಂದು ಲೋಟ ಅಕ್ಕಿ ಅರ್ಧ ಗಂಟೆ ನೆನೆದಿದ್ದರೆ ಬೇಯಲು ಹದಿನೈದು ನಿಮಿಷ ಸಾಕು.