ಬೇಡವೆಂದು ಕತ್ತರಿಸಿದ ಕುಣಿಕೆಗಳು

ಹ್ಯಾಮರ್‌ಹೆಡ್ ರೈಬೋಜೈಮ್ ತನ್ನ ಎಳೆಯನ್ನು ತಾನೇ ತುಂಡರಿಸುವ ಆರ್‌ಎನ್‌ಎ. 1986ರಲ್ಲಿ ಸಸ್ಯಗಳಿಗೆ ಅಂಟುವ ಪುಟಾಣಿ ಆರ್‌ಎನ್‌ಎಗಳಲ್ಲಿ ಪತ್ತೆಯಾಯಿತು. ಸಿಕ್ಕಿದ್ದೇ ತಡ, ಪ್ರಯೋಗಾಲಯಗಳು ಅದನ್ನು ಇನ್ನಷ್ಟು ಮೋಟು ಮಾಡಿದವು. ಮೂರು ಕಾಂಡಗಳೂ ನಡುವಿನ ತಿರುಳೂ ಸಾಕು, ತುದಿಯ ಕುಣಿಕೆಗಳು ದಂಡ ಎಂದಾಯಿತು.

1994ರಲ್ಲಿ ಮೆಕೇ, 1995ರಲ್ಲಿ ಸ್ಕಾಟ್, ಫಿಂಚ್ ಮತ್ತು ಕ್ಲುಗ್ ಹರಳುಗಟ್ಟಿಸಿ ತೋರಿಸಿದ್ದು ಈ ಮೋಟು ರೂಪವನ್ನೇ. ಚಿತ್ರಗಳು ಸ್ಪಷ್ಟವಾಗಿದ್ದವು, ಆದರೆ ರಸಾಯನಶಾಸ್ತ್ರಕ್ಕೆ ತಾಳೆಯಾಗಲಿಲ್ಲ. ತುಂಡಾಗಬೇಕಾದರೆ ಸಿ-17 ಎಂಬ ನ್ಯೂಕ್ಲಿಯೊಟೈಡ್‌ನ 2'-ಹೈಡ್ರಾಕ್ಸಿಲ್ ಪಕ್ಕದ ಫಾಸ್ಫರಸ್ ಮೇಲೆ ಎರಗಬೇಕು. ಎರಗುವ ಆಮ್ಲಜನಕ, ಫಾಸ್ಫರಸ್, ಕಳಚಿಕೊಳ್ಳುವ ಆಮ್ಲಜನಕ ಮೂರೂ ಒಂದೇ ಗೆರೆಯಲ್ಲಿರಬೇಕು. ಹರಳಿನಲ್ಲಿ ಆ ಗೆರೆಯೇ ಇರಲಿಲ್ಲ. ಬದಲಾಯಿಸಿದರೆ ಕ್ರಿಯೆ ಕುಸಿಯುವ ಜಿ-12 ದೂರದಲ್ಲಿ ಸುಮ್ಮನೆ ಕೂತಿತ್ತು. ಒಂದೇ ಲೋಹದ ಅಯಾನು ಹಿಡಿದಿಡುತ್ತದೆಂದು ಪ್ರಯೋಗಗಳು ಸೂಚಿಸಿದ್ದ ಎರಡು ಫಾಸ್ಫೇಟ್‌ಗಳ ನಡುವೆ ಸುಮಾರು 20 ಆಂಗ್‌ಸ್ಟ್ರಮ್ ಅಂತರ! ಹತ್ತು ವರ್ಷ ಈ ಜಗಳ ನಡೆಯಿತು.

2003ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ತೋರಿಸಿದ್ದು: ಬಿಸಾಡಿದ ಕುಣಿಕೆಗಳು ಒಂದನ್ನೊಂದು ತಬ್ಬಿದಾಗಲೇ ಜೀವಕೋಶದಲ್ಲಿರುವಷ್ಟು ಕಡಿಮೆ ಮೆಗ್ನೀಸಿಯಮ್‌ನಲ್ಲೂ ರೈಬೋಜೈಮ್ ಚುರುಕಾಗುತ್ತದೆ. 2006ರಲ್ಲಿ ಮಾರ್ಟಿಕ್ ಮತ್ತು ಸ್ಕಾಟ್ ಶಿಸ್ಟೊಸೋಮ ಹುಳುವಿನ ಪೂರ್ಣ ರೂಪವನ್ನು 2.2 ಆಂಗ್‌ಸ್ಟ್ರಮ್ ವಿವರದಲ್ಲಿ ಬಿಡಿಸಿದರು. ಅಲ್ಲಿ ಜಿ-12 ಪ್ರೋಟಾನ್ ಕಸಿಯಲು, ಜಿ-8ರ 2'-ಹೈಡ್ರಾಕ್ಸಿಲ್ ಪ್ರೋಟಾನ್ ಕೊಡಲು ಸರಿಯಾದ ಜಾಗದಲ್ಲಿವೆ. ದೂರವಿದ್ದ ಆ ಎರಡು ಫಾಸ್ಫೇಟ್‌ಗಳೂ ಹತ್ತಿರ ಬಂದಿವೆ. ಅವರ ಪ್ರಬಂಧದಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಚಿತ್ರಕ್ಕಿಂತ ಅದರ ಪರೀಕ್ಷೆ. ಜಿ-8 ಮತ್ತು ಸಿ-3 ಜೋಡಿಯಾಗಿರುವುದು ಕಂಡಿತು. ಸಿ-3ನ್ನು ಬದಲಿಸಿದಾಗ ಕ್ರಿಯೆ ಸತ್ತಿತು, ಜಿ-8ನ್ನೂ ಅದಕ್ಕೆ ಹೊಂದುವಂತೆ ಬದಲಿಸಿದಾಗ ಮರಳಿತು.

ಒಂದು ತಕರಾರಿದೆ. ಹರಳು ಬೆಳೆಯುವಾಗ ಕಿಣ್ವ ತುಂಡಾಗದಿರಲೆಂದು ಎರಗಬೇಕಾದ ಹೈಡ್ರಾಕ್ಸಿಲ್‌ಗೆ ಮೀಥೈಲ್ ಕಟ್ಟಲಾಗಿತ್ತು. ಆದ್ದರಿಂದ ಇದು ಸಿದ್ಧಭಂಗಿಯ ಚಿತ್ರ, ಏಟು ಬೀಳುವ ಕ್ಷಣದ್ದಲ್ಲ. ಲೋಹದ ಅಯಾನಿನ ಪಾತ್ರವನ್ನೂ ಇದೊಂದೇ ತೀರ್ಮಾನಿಸದು. ಹಾಗೆಂದು ಹಳೆಯ ಹರಳುಗಳು ಸುಳ್ಳೇನಲ್ಲ, ಅವು ಕೈಕಾಲು ಕಳೆದುಕೊಂಡ ಅಣುವಿನ ನಿಜವಾದ ಚಿತ್ರಗಳು. ಎಡವಿದ್ದು ಅದನ್ನೇ ಇಡೀ ಕಿಣ್ವವೆಂದು ಓದಿದ್ದರಲ್ಲಿ.

ಹಳೆಯ ಮೋಟು ರಚನೆಗಳೂ ಹೊಸ ಪೂರ್ಣ ರಚನೆಯೂ ಪ್ರೋಟೀನ್ ಡೇಟಾ ಬ್ಯಾಂಕ್‌ನಲ್ಲಿ ಉಚಿತವಾಗಿ ಸಿಗುತ್ತವೆ. ವಿದ್ಯಾರ್ಥಿಗಳು ಅವನ್ನು ಪಕ್ಕಪಕ್ಕ ತೆರೆದು, ಜಿ-12 ಎಲ್ಲಿಂದ ಎಲ್ಲಿಗೆ ಸರಿದಿದೆಯೆಂದು ತಾವೇ ಅಳೆದು ನೋಡಲಿ.